ಆಸೆ ಕೊಟ್ಟವನೂ ಅವನೇ, ಕಣ್ಣು ಕೊಟ್ಟವನೂ ಅವನೇ

(ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ.)

ಇಪ್ಪತ್ತರ ಆಸುಪಾಸಿನ ಯುವಕ. ಚಿಕ್ಕಂದಿನಿಂದ ಪೈಲಟ್ ಆಗುವ ಕನಸು. ಮನೆಯವರೆಲ್ಲ ದೈವಭಕ್ತರು, ಇವರೂ ಅಷ್ಟೇ. ಕೋರ್ಸಿಗೆ ಸೀಟು ಸಿಕ್ಕಿದ್ದು, ಸಾಲ ಮಂಜೂರಾಗಿದ್ದು, ಎಲ್ಲವೂ ದೇವರು ತೋರಿಸಿದ ದಾರಿ ಅಂತಲೇ ನಂಬಿದ್ದರು. ವೈದ್ಯಕೀಯ ತಪಾಸಣೆಯಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ಮುಂದಿಟ್ಟರು. ಒಂದು ಪುಟದಲ್ಲಿ 74 ಕಾಣಬೇಕಿತ್ತು. ಇವರು ಸಲೀಸಾಗಿ 21 ಅಂದರು. ಡಾಕ್ಟರು ಏನೂ ಹೇಳದೆ ಮುಂದಿನ ಪುಟ ತೆರೆದರು.

ಕೆಂಪು-ಹಸಿರು ಬಣ್ಣಗುರುಡು. ಹುಟ್ಟಿನಿಂದಲೂ ಇತ್ತು, ಗೊತ್ತಾಗಿದ್ದು ಮಾತ್ರ ಆವತ್ತು.

ನನ್ನ ಮುಂದೆ ಕೂತಾಗ ಅಳಲಿಲ್ಲ. ಸಿಟ್ಟಿತ್ತು. "ಮೇಡಂ, ಹಾರುವ ಆಸೆ ಹುಟ್ಟಿಸಿದ್ದು ಅವನೇ, ಈ ಕಣ್ಣು ಕೊಟ್ಟಿದ್ದೂ ಅವನೇ. ಎರಡನ್ನೂ ಯಾಕೆ ಕೊಟ್ಟ?" ಅಂದರು. ಮರುಕ್ಷಣವೇ ಗಾಬರಿಯಾಗಿ, "ಹೀಗೆಲ್ಲ ಕೇಳಬಾರದು, ಅಲ್ವಾ?" ಅಂದರು.

ನನ್ನ ಕಿವಿ ನಿಂತಿದ್ದು ಆ ಎರಡನೇ ಪ್ರಶ್ನೆಯ ಮೇಲೆ. ಕನಸು ಮುರಿದದ್ದೇ ಒಂದು ನೋವು. ಅದನ್ನು ದೇವರ ಹತ್ತಿರವೂ ತೋಡಿಕೊಳ್ಳುವ ಹಾಗಿಲ್ಲ ಅನ್ನೋದು ಅದರ ಮೇಲೆ ಇನ್ನೊಂದು. ಪ್ರಾರ್ಥನೆ ನಿಲ್ಲಿಸಿ ಬಹಳ ದಿನ ಆಗಿತ್ತು. ನಂಬಿಕೆ ಹೋಗಿ ಅಲ್ಲ, ಮನಸ್ಸಲ್ಲಿ ಇಷ್ಟು ಸಿಟ್ಟಿಟ್ಟುಕೊಂಡು ಹೇಗೆ ಕೈಮುಗಿಯಲಿ ಅಂತ.

ಮೊದಲು ನಿದ್ದೆ, ಊಟ, ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಯೋಚನೆ ಹುಟ್ಟುತ್ತೆ ಅನ್ನೋ ಭಯ ಬೇಡ, ಕೇಳಲೇಬೇಕು. ಅಂಥ ಯೋಚನೆ ಇರಲಿಲ್ಲ. ಮಂಕುತನ ಎರಡು ವಾರ ಬಿಡದೆ ಇದ್ದರೆ ಮನೋವೈದ್ಯರನ್ನು ಕಾಣಬೇಕು ಅಂತ ತಿಳಿಸಿದೆ.

ನೆಂಟರೊಬ್ಬರು "ಫಲದ ಆಸೆ ಬಿಡು ಅಂತ ಗೀತೆಯಲ್ಲೇ ಇದೆಯಲ್ಲ" ಅಂದಿದ್ದರಂತೆ. ಇದೆ. ಆದರೆ ಅದು ಎರಡನೇ ಅಧ್ಯಾಯದಲ್ಲಿ. ಮೊದಲನೇ ಅಧ್ಯಾಯದ ಹೆಸರೇ ಅರ್ಜುನನ ವಿಷಾದ. ಅವನು ನಡುಗುತ್ತಾನೆ, ವಾದ ಮಾಡುತ್ತಾನೆ, ಬಿಲ್ಲು ಬಿಟ್ಟು ಕೂರುತ್ತಾನೆ. ಆ ಇಡೀ ಅಧ್ಯಾಯದಲ್ಲಿ ಕೃಷ್ಣ ಆಡುವುದು ಒಂದೇ ಒಂದು ಮಾತು: ನೋಡು, ಇಲ್ಲಿ ಸೇರಿರುವ ಕುರುಗಳನ್ನು. ಉಪದೇಶ ಮಾಡೋ ನೆಂಟರು ಆ ಅಧ್ಯಾಯವನ್ನು ಯಾಕೋ ಹಾರಿಸಿಬಿಡುತ್ತಾರೆ! "ನೀವಿನ್ನೂ ಮೊದಲನೇ ಅಧ್ಯಾಯದಲ್ಲಿದ್ದೀರಿ. ಅದನ್ನು ಮುಗಿಸಿ" ಅಂದೆ. ಮೊದಲ ಸಲ ನಕ್ಕರು.

ಕೊಟ್ಟ ಸಲಹೆ ಇಷ್ಟು. ದಿನಾ ಸ್ವಲ್ಪ ಹೊತ್ತು ದೇವರ ಹತ್ತಿರ ದೂರನ್ನೇ ಹೇಳಿ, ಬೇಕಾದರೆ ಬರೆಯಿರಿ. ಸ್ತುತಿ ಬಾಯಿಗೆ ಬರದಿದ್ದರೆ ಬೇಡ. ಎರಡನೆಯದು, ಸೂಚನೆ ಹುಡುಕೋದನ್ನು ಸದ್ಯಕ್ಕೆ ಬಿಡಿ. ಸೀಟು ಸಿಕ್ಕಿದ್ದನ್ನು ದೇವರ 'ಹೂಂ' ಅಂತ ಓದಿದ್ದಕ್ಕೇ ಈಗ ಇದು ಅವನ 'ಊಹೂಂ' ಅಂತ ಕಾಣ್ತಿದೆ. ಸೀಟು ಸಿಕ್ಕಿದ್ದು ನಿಮ್ಮ ಅಂಕಗಳಿಂದ, ಬಣ್ಣ ಕಾಣದಿರೋದು ಒಂದು ಜೀನ್‌ನಿಂದ. ದೇವರು ಇವೆರಡರಲ್ಲೂ ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಒಂದೊಂದು ಘಟನೆಯನ್ನೂ ಅವನ ಉತ್ತರ ಅಂದುಕೊಂಡರೆ ನಂಬಿಕೆ ಪ್ರತಿ ಫಲಿತಾಂಶದ ಜೊತೆ ಏರಿಳಿಯುತ್ತೆ.

ಇನ್ನು ವ್ಯವಹಾರದ ಮಾತು. ಚುಕ್ಕೆಗಳ ಪುಸ್ತಕ ಮೊದಲ ಹಂತದ ಪರೀಕ್ಷೆ. ಅದರಲ್ಲಿ ತಪ್ಪಿದವರಿಗೆ ಬಣ್ಣದ ದೀಪ ಗುರುತಿಸುವಂಥ ಇನ್ನೊಂದು ಪರೀಕ್ಷೆಯನ್ನು ಹಲವು ವಿಮಾನಯಾನ ಪ್ರಾಧಿಕಾರಗಳು ಒಪ್ಪುತ್ತವೆ. 'ದೇವರಿಚ್ಛೆ' ಅಂತ ಕೈಚೆಲ್ಲುವ ಮೊದಲು ಅದನ್ನು ವಿಚಾರಿಸಿ ಅಂದೆ. ಮಾಡಿಸಿದರು, ಅದರಲ್ಲೂ ಆಗಲಿಲ್ಲ. ಮನೆಯವರು ಜಾಹೀರಾತು ನೋಡಿ ಬಣ್ಣದ ಕನ್ನಡಕ ತರಿಸಲು ಹೊರಟಿದ್ದರು. ಅದು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಎದ್ದು ಕಾಣಿಸಬಹುದು, ಅಷ್ಟೇ. ಹುಟ್ಟಿನಿಂದ ಬಂದ ಬಣ್ಣಗುರುಡನ್ನು ವಾಸಿಮಾಡೋದಿಲ್ಲ. ಸುಮ್ನೆ ದುಡ್ಡು ದಂಡ.

ಈಗ ಮತ್ತೆ ಪ್ರಾರ್ಥನೆಗೆ ಕೂರುತ್ತಿದ್ದಾರೆ. ಜಾಸ್ತಿ ಹೊತ್ತಲ್ಲ. "ಜಗಳವೇ ಜಾಸ್ತಿ ಮೇಡಂ" ಅಂತಾರೆ. ಜಗಳಕ್ಕಾದರೂ ಎದುರಿಗೆ ಒಬ್ಬ ಇದ್ದಾನೆ ಅಂತ ತಾನೇ? ಮುಂದೇನು ಓದಬೇಕು ಅನ್ನೋದು ತೀರ್ಮಾನವಾಗಿಲ್ಲ. ಹವಾಮಾನದ ಓದಿನ ಬಗ್ಗೆ ವಿಚಾರಿಸಿದ್ದಾರಂತೆ. ನಾನು ಅವಸರ ಮಾಡಿಲ್ಲ.

ಅವರ ತಾಯಿಯನ್ನೂ ಬೇರೆಯಾಗಿ ಬರಹೇಳಿದ್ದೇನೆ. ಗಂಡುಮಕ್ಕಳಿಗೆ ಈ ಜೀನ್ ಬರುವುದು ತಾಯಿಯಿಂದ. ಅದು ತಿಳಿದಾಗಿನಿಂದ ಆಕೆ ಮಗನ ಮುಖ ನೋಡಿ ಮಾತಾಡುತ್ತಿಲ್ಲ.