ಎನ್‌ಸಿಇಆರ್‌ಟಿ ಇತಿಹಾಸ ಓದಲೇಬೇಕಾ?

ಪ್ರಶ್ನೆ: ಸರ್, ನಾನು ಕನ್ನಡ ಮಾಧ್ಯಮದವನು, ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ (ರಾಜ್ಯ ಆಡಳಿತ ಸೇವೆ) ಪರೀಕ್ಷೆಗೆ ಓದುತ್ತಿದ್ದೇನೆ. ಎಲ್ಲರೂ ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯಪುಸ್ತಕ ಸಂಸ್ಥೆ) ಶಾಲಾ ಪುಸ್ತಕಗಳ ಇತಿಹಾಸ ಓದು ಅಂತಾರೆ. ಅದರಲ್ಲಿ ನಮ್ಮ ಭಾಗದ್ದು ಎಷ್ಟಿದೆ? ಗೈಡ್ ಸಾಕಾಗಲ್ವಾ?
– ಓದುಗ, ತಾಳಿಕೋಟಿ

ಉತ್ತರ: ಗೈಡ್ ಸಾಕಾಗಲ್ಲ. ನಿಮ್ಮೂರಿನದೇ ಉದಾಹರಣೆ ತಗೊಳ್ಳಿ. ಗೈಡಿನಲ್ಲಿ ‘1565, ತಾಳಿಕೋಟಿ ಕದನ, ವಿಜಯನಗರದ ಪತನ’ ಅಂತ ಒಂದು ಸಾಲು ಇರುತ್ತೆ, ಬಾಯಿಪಾಠ ಮಾಡಿದರೆ ಮುಗೀತು. 12ನೇ ತರಗತಿ ಪುಸ್ತಕದ ವಿಜಯನಗರದ ಪಾಠದಲ್ಲೂ ಆ ಕದನದಲ್ಲಿ ವಿಜಯನಗರದ ಸೇನೆ ನಡೆಸಿದ ರಾಮರಾಯನ ಸೋಲು ಇದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ: ರಾಯರಿಗೂ ಸುಲ್ತಾನರಿಗೂ ಯಾವಾಗಲೂ ಹಗೆತನವೇ ಇರಲಿಲ್ಲ, ಕೃಷ್ಣದೇವರಾಯ ‘ಯವನ ರಾಜ್ಯ ಸ್ಥಾಪನಾಚಾರ್ಯ’ (ಸುಲ್ತಾನರ ರಾಜ್ಯವನ್ನು ನೆಲೆಗೊಳಿಸಿದವನು) ಅನ್ನೋ ಬಿರುದನ್ನು ಹೆಮ್ಮೆಯಿಂದ ಇಟ್ಟುಕೊಂಡಿದ್ದ, ಅವನು ತೀರಿಕೊಂಡ ಮೇಲೆ ಪಟ್ಟದ ಜಗಳ ಬಿಡಿಸಲು ವಿಜಾಪುರದ ಸುಲ್ತಾನನೇ ನಡುವೆ ಬಂದ. ಮುಖ್ಯ ಪರೀಕ್ಷೆಯಲ್ಲಿ ‘ವಿಮರ್ಶಿಸಿ’ ಅಂತ ಕೇಳಿದರೆ ಬರೆಯೋಕೆ ಬೇಕಾಗೋದು ಇದೇ ಅಲ್ವಾ?

ಈ ಪುಸ್ತಕದ ತೂಕ ಇರೋದು ಇಲ್ಲೇ. 2005ರ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಈ ಪುಸ್ತಕಗಳು ಶಾಸನ, ಪ್ರವಾಸಿಗರ ಬರಹ, ನಕ್ಷೆ ಎಲ್ಲವನ್ನೂ ಪುಟದಲ್ಲೇ ಕೊಟ್ಟು ‘ಇದರಿಂದ ಏನು ತಿಳಿಯುತ್ತೆ’ ಅಂತ ನಮ್ಮನ್ನೇ ಕೇಳುತ್ತವೆ. ಜಾಸ್ತಿ ಹುಡುಗರು ಆ ಬಾಕ್ಸ್‌ಗಳನ್ನು ಹಾರಿಸಿಬಿಡ್ತಾರೆ. ನೀವು ಹಾರಿಸಬೇಡಿ.

ನಮ್ಮ ಭಾಗದ್ದು ಕಡಿಮೆಯೇ. ಬಾಗೇವಾಡಿಯ ಬಸವಣ್ಣನವರು 12ನೇ ತರಗತಿಯ ಭಕ್ತಿ–ಸೂಫಿ ಪಾಠದಲ್ಲಿದ್ದಾರೆ. ಇಮ್ಮಡಿ ಪುಲಿಕೇಶಿ, ಅವನನ್ನು ಹೊಗಳಿ ಆಸ್ಥಾನ ಕವಿ ರವಿಕೀರ್ತಿ ಬರೆದ ಪ್ರಶಸ್ತಿ ಶಾಸನ ಹಳೆಯ 6ನೇ ತರಗತಿ ಪುಸ್ತಕದಲ್ಲಿ ಬರುತ್ತೆ. ದಿನಾ ಗೋಳಗುಮ್ಮಟ ನೋಡಿಕೊಂಡು ಓಡಾಡೋ ನಿಮಗೆ ಆದಿಲ್‌ಶಾಹಿಗಳ ಬಗ್ಗೆ ಅಲ್ಲಿ ಹೊಟ್ಟೆ ತುಂಬುವಷ್ಟು ಸಿಗಲ್ಲ. ಅದಕ್ಕೆ ಕರ್ನಾಟಕ ಇತಿಹಾಸದ ಪುಸ್ತಕ ಬೇರೆ ಬೇಕು, ಕೆಎಎಸ್‌ಗಂತೂ ಬೇಕೇ ಬೇಕು.

ಭಾಷೆಯ ತೊಂದರೆ ನಿಜ. ಇವು ಅಧಿಕೃತವಾಗಿ ಬಂದಿರೋದು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ. ದೇಶಕ್ಕೆಲ್ಲ ಒಂದು ಪುಸ್ತಕ ಅಂತ ಹೇಳೋರಿಗೆ ಕನ್ನಡದ ಹುಡುಗರು ನೆನಪಾಗೋದು ಯಾವಾಗಲೋ! ‘ಕನ್ನಡದಲ್ಲಿ ಎನ್‌ಸಿಇಆರ್‌ಟಿ’ ಅಂತ ಏನಾದರೂ ಸಿಕ್ಕರೆ ಸುಮ್ನೆ ದುಡ್ಡು ಕೊಡಬೇಡಿ, ಒಳಗಿರೋದು ಪೂರ್ತಿ ಪಾಠವಾ, ಬರೀ ಸಾರಾಂಶವಾ ಅಂತ ಮೊದಲು ನೋಡಿ.

ಇನ್ನೊಂದು, ಆವೃತ್ತಿ ನೋಡಿಕೊಳ್ಳಿ. 2023ರಲ್ಲಿ 12ನೇ ತರಗತಿಯಿಂದ ಮೊಘಲ್ ದರಬಾರಿನ ಪಾಠ ತೆಗೆದರು. 2024ರಲ್ಲಿ 6ನೇ ತರಗತಿಗೆ ಹೊಸ ಪುಸ್ತಕವೇ ಬಂತು. ಹೊಸದು ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ, ಹಳೇದನ್ನು ಸೀನಿಯರ್ ಹತ್ತಿರ ಕೇಳಿ.