ಹುಣಸೆಬೀಜ ಎಣಿಸುವ ಮಗು ಹಿಂದುಳಿಯುತ್ತದೆಯೇ?

ಪ್ರಶ್ನೆ: ನಮ್ಮ ಊರಿನ ತಾಯಂದಿರೇ ಸೇರಿ ಹಳೆಯ ಭಜನೆಮನೆಯಲ್ಲಿ ನಡೆಸುತ್ತಿರುವ ಶಿಶುವಿಹಾರಕ್ಕೆ ನಾಲ್ಕು ವರ್ಷದ ನನ್ನ ಮಗಳು ಹೋಗುತ್ತಿದ್ದಾಳೆ. ಅಲ್ಲಿ ಮರಳು, ಮಣ್ಣು, ಹುಣಸೆಬೀಜಗಳಲ್ಲಿ ಆಡಿಸುತ್ತಾರೆಯೇ ಹೊರತು ಬರೆಸುವುದಿಲ್ಲ. ಕೋಲಾರದಲ್ಲಿ ಎಲ್‌ಕೆಜಿಗೆ ಹೋಗುವ ನನ್ನ ತಂಗಿಯ ಮಗ ಇದೇ ವಯಸ್ಸಿಗೆ ನೂರರವರೆಗೆ ಬರೆಯುತ್ತಾನೆ. ಮನೆಯಲ್ಲಿ ನಾವು ತೆಲುಗು ಮಾತನಾಡುವವರು. ಕನ್ನಡದ ಅಕ್ಷರವೂ ಬಾರದೆ ಒಂದನೇ ತರಗತಿಗೆ ಹೋದರೆ ಗತಿಯೇನು ಎಂದು ಅತ್ತೆಯವರು ಕೇಳುತ್ತಿದ್ದಾರೆ. ಶಾಲೆ ಬದಲಿಸಬೇಕೇ?
– ಒಬ್ಬ ತಾಯಿ, ಮುಳಬಾಗಿಲು ತಾಲ್ಲೂಕು

ಉತ್ತರ: ಮುಂದಿನ ಸಲ ತಂಗಿಯ ಮಗ ನಿಮ್ಮ ಮನೆಗೆ ಬಂದಾಗ, ಒಂದು ಬಟ್ಟಲು ಹುಣಸೆಬೀಜ ಮುಂದಿಟ್ಟು, ‘ಏಳು ಬೀಜ ಕೊಡಪ್ಪ’ ಎಂದು ಕೇಳಿ ನೋಡಿ. ನೂರರವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುವ ನಾಲ್ಕು ವರ್ಷದ ಎಷ್ಟೋ ಮಕ್ಕಳು ಇಲ್ಲಿ ತಡವರಿಸಿ, ಸಿಕ್ಕಷ್ಟನ್ನು ಬಾಚಿ ಕೊಟ್ಟುಬಿಡುತ್ತಾರೆ. ಅದು ಆ ಮಗುವಿನ ಕೊರತೆಯಲ್ಲ; ಸಂಖ್ಯೆಯ ಹೆಸರನ್ನು ಹೇಳುವುದು ಬೇರೆ, ಆ ಹೆಸರು ಎಷ್ಟು ವಸ್ತುಗಳನ್ನು ಸೂಚಿಸುತ್ತದೆಂಬ ಅರಿವು ಬೇರೆ. ಎರಡನೆಯದು ಕೈಯಲ್ಲಿ ವಸ್ತು ಹಿಡಿದು, ಒಂದೊಂದಾಗಿ ಸರಿಸಿ ನೋಡಿದಾಗ ಮೂಡುತ್ತದೆ. ನಮ್ಮ ಚೌಕಾಬಾರವನ್ನೇ ತೆಗೆದುಕೊಳ್ಳಿ. ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಬೀಜಗಳನ್ನು ಎಸೆದಾಗ ಎಷ್ಟು ಬಿಳಿ ಬಿದ್ದವೆಂದು ಮಗು ನೋಡಿದೊಡನೆ ಹೇಳುತ್ತದೆ, ಅಷ್ಟೇ ಮನೆ ಕಾಯಿ ನಡೆಸುತ್ತದೆ, ತಪ್ಪಿದರೆ ಎದುರಿಗೆ ಕುಳಿತವರು ಬಿಡುವುದಿಲ್ಲ. ಗಣಿತದ ಮೊದಲ ಪಾಠಕ್ಕೆ ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಕರು ಬೇಕೇ?

ಬರವಣಿಗೆಯ ವಿಷಯ. ಮಣಿಕಟ್ಟಿನಲ್ಲಿರುವ ಎಂಟು ಸಣ್ಣ ಮೂಳೆಗಳು ಹುಟ್ಟುವಾಗ ಬರಿಯ ಮೃದ್ವಸ್ಥಿಯಾಗಿದ್ದು, ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಕೊನೆಯದು ಗಟ್ಟಿಯಾಗಲು ತೊಡಗುವಾಗ ಮಗುವಿಗೆ ಸಾಮಾನ್ಯವಾಗಿ 9ರಿಂದ 12 ವರ್ಷವಾಗಿರುತ್ತದೆ. ಮಣ್ಣು ನಾದುವುದು, ಮಣಿ ಪೋಣಿಸುವುದು, ಬಟ್ಟೆ ಹಿಂಡುವುದು ಇವೆಲ್ಲ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳಿಗೇ ಬಲ ಮತ್ತು ಹಿಡಿತ ಕೊಡುವ ಕೆಲಸಗಳು. ನಾಲ್ಕು ವರ್ಷದ ಕೈ ಇನ್ನೂ ಬೆಳೆಯುತ್ತಿರುವ ಕೈ; ಅದಕ್ಕೆ ಬರೆಸುವ ಆತುರಕ್ಕಿಂತ ಈ ತಯಾರಿ ಮುಖ್ಯ.

ನಿಮ್ಮ ಅತ್ತೆಯವರ ಆತಂಕವನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಗಡಿಭಾಗದ ಮಕ್ಕಳ ಮಟ್ಟಿಗೆ ನಿಜವಾದ ಪ್ರಶ್ನೆ ಅದೇ. ಆದರೆ ಅಕ್ಷರ ತಿದ್ದಿಸುವುದು ಅದಕ್ಕೆ ಉತ್ತರವಾಗಲಾರದು. ವರ್ಣಮಾಲೆಯ ಪಟದಲ್ಲಿ ‘ಆ’ ಪಕ್ಕದ ಆನೆಯನ್ನು ನೋಡಿ ನಿಮ್ಮ ಮಗಳು ‘ಏನುಗು’ ಎನ್ನುತ್ತಾಳೆ. ‘ಇ’ ಪಕ್ಕದ ಇಲಿ ಅವಳಿಗೆ ‘ಎಲುಕ’. ಚಿತ್ರ ಒಂದು ಸದ್ದು ಹೇಳಿದರೆ ಅಕ್ಷರ ಇನ್ನೊಂದು ಹೇಳುತ್ತದೆ, ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಕನ್ನಡ ಮೊದಲು ಕಿವಿಗೆ ಬೀಳಬೇಕು, ನಾಲಿಗೆಗೆ ಬರಬೇಕು. ಅಡುಗೆಯಾಟದಲ್ಲಿ ಅವಳು ‘ನೀಳ್ಳು’ ಕೇಳಿದಾಗ ಗೆಳತಿ ‘ನೀರಾ?’ ಎಂದು ಚಿಪ್ಪು ಮುಂದೆ ಹಿಡಿಯುವ ಕ್ಷಣದಲ್ಲಿ ಆಗುವ ಕಲಿಕೆ ನಲವತ್ತು ಬಾರಿ ಪದ ಬರೆಸಿದರೂ ಆಗುವುದಿಲ್ಲ. ಮನೆಯಲ್ಲಿ ತೆಲುಗನ್ನು ಬಿಡಬೇಡಿ. ಮನೆಮಾತಿನಲ್ಲಿ ಚೆನ್ನಾಗಿ ಕಥೆ ಹೇಳಬಲ್ಲ ಮಗುವಿಗೆ ಎರಡನೆಯ ಭಾಷೆ ಹೊರೆಯಲ್ಲ.

ಹೀಗೆ ಆಟದಿಂದ ಕಲಿಸುವುದು ಹೊಸ ಶೋಕಿಯೂ ಅಲ್ಲ. ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಆರಂಭಿಸಿದ ಫ್ರೋಬೆಲ್ 1837ರಲ್ಲಿ, ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ 1920ರಲ್ಲಿ ಹಿಡಿದ ದಾರಿ ಇದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಎಣಿಸಿದೆ. 2022ರಲ್ಲಿ ಬಂದ ಆ ಹಂತದ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ತಿರುಳಾಗಿಸಿದೆ. ಒಂದು ಮತ್ತು ಎರಡನೇ ತರಗತಿಗಳೂ ಅದೇ ಹಂತದೊಳಗೇ ಬರುತ್ತವೆ.

ಹಾಗೆಂದು ಆಡಿಸುವ ಜಾಗವೆಲ್ಲ ಕಲಿಸುವ ಜಾಗವೆಂದು ನಾನು ಹೇಳಲಾರೆ. ಮಕ್ಕಳನ್ನು ಮರಳಿಗೆ ಬಿಟ್ಟು ಟೀಚರ್ ಮೊಬೈಲ್ ಹಿಡಿದು ಕುಳಿತರೆ ಅದು ಬರಿಯ ಕಾಯುವ ಕೆಲಸ. ಒಂದು ಬೆಳಿಗ್ಗೆ ಪೂರ್ತಿ ಅಲ್ಲಿ ಕುಳಿತು ನೋಡಿ: ‘ನಿನ್ನ ಗುಡ್ಡ ಯಾಕೆ ಕುಸಿಯಿತು, ನೀರು ಹಾಕಿದರೆ ಏನಾಗಬಹುದು’ ಎಂದು ಆಕೆ ಕೇಳುತ್ತಾರೆಯೇ, ದಿನಕ್ಕೊಂದು ಕಥೆ ಇದೆಯೇ, ಮಕ್ಕಳ ಕೈಗೆ ಚಿತ್ರಪುಸ್ತಕ ಸಿಗುತ್ತದೆಯೇ, ನಿನ್ನೆಯ ಆಟಕ್ಕೂ ಇಂದಿನದಕ್ಕೂ ಏನಾದರೂ ಏರಿಕೆ ಕಾಣುತ್ತದೆಯೇ? ಇವು ಇದ್ದರೆ ಶಾಲೆ ಬದಲಿಸಬೇಡಿ. ಇಲ್ಲದಿದ್ದರೂ ಮೊದಲು ತಾಯಂದಿರ ಸಭೆಯಲ್ಲಿ ಮಾತೆತ್ತಿ; ಶಾಲೆ ನಿಮ್ಮದೇ ಆಗಿರುವುದರ ಲಾಭ ಅದು. ಐದು ತುಂಬಿದ ಮೇಲೆ ಅವಳ ಹೆಸರನ್ನು ಚೀಟಿಯಲ್ಲಿ ಗುರುತಿಸುವುದು, ಒಂದೇ ಸದ್ದಿನಿಂದ ಶುರುವಾಗುವ ಪದಗಳನ್ನು ಹುಡುಕುವುದು ಇಂಥ ಆಟಗಳು ಸೇರಲೇಬೇಕು. ಅದನ್ನು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮ ಶಿಶುವಿಹಾರಕ್ಕೆ ದಾನಿಗಳೊಬ್ಬರು ಎರಡು ಸಾವಿರ ರೂಪಾಯಿ ಕೊಟ್ಟಿದ್ದಾರೆ. ಯಾವ ಆಟಿಕೆ ಕೊಳ್ಳಲಿ?
– ಒಬ್ಬ ಶಿಕ್ಷಕಿ, ಶಿಡ್ಲಘಟ್ಟ

ಉತ್ತರ: ಆಟಿಕೆ ಬೇಡ, ಎಲ್ಲ ಹಣಕ್ಕೂ ಕನ್ನಡದ ಚಿತ್ರಪುಸ್ತಕ ಕೊಳ್ಳಿ. ಆಟದ ಸಾಮಾನು ನಿಮ್ಮೂರಿನಲ್ಲೇ ಇದೆ. ರೇಷ್ಮೆಹುಳು ಸಾಕುವವರ ಮನೆಯ ಹಳೆಯ ಚಂದ್ರಿಕೆಯ (ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ) ಸುರುಳಿಯಲ್ಲಿ ಬೆರಳಾಡಿಸಿದ ಮಗುವಿಗೆ ದುಂಡಗಿನ ಕನ್ನಡ ಅಕ್ಷರಗಳ ತಿರುವು ಪರಿಚಿತವಾಗುತ್ತದೆ. ಆದರೆ ಹುಳುಮನೆಗಳಲ್ಲಿ ಸೋಂಕು ತೆಗೆಯಲು ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಬಳಸುವುದುಂಟು; ಆದ್ದರಿಂದ ಚಂದ್ರಿಕೆಯನ್ನು ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ಬಿದಿರಿನ ಸಿಬಿರು ಎದ್ದಿದೆಯೇ ಎಂದು ಕೈಯಾಡಿಸಿ ನೋಡಿಯೇ ಕೊಡಿ. ಮೂರು ತುಂಬದ ಮಕ್ಕಳ ಕೈಗೆ ಬೀಜ, ಮಣಿ ಬೇಡ. ಅವು ಮೂಗಿಗೂ ಗಂಟಲಿಗೂ ಹೋಗುತ್ತವೆ. ದೊಡ್ಡ ಮಕ್ಕಳಿಗೂ ಎಣಿಸಿ ಕೊಟ್ಟು, ಎಣಿಸಿಯೇ ವಾಪಸು ತೆಗೆದುಕೊಳ್ಳಿ. ಆ ಎಣಿಕೆಯನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು.