ಲಂಡನ್ನಿನಲ್ಲಿ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಒಂದೇ ಸಂಜೆ ಸೇರಿಸಲು ಹೋಗಬೇಡಿ

ಲಂಡನ್ನಿನಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳನ್ನು ಒಂದೇ ಸಂಜೆ ಒಂದೇ ಕಡೆ ಸೇರಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನೂ ಕಾನೂನು ಪಾಠ ಹೇಳಿ ನಿವೃತ್ತನಾದವನು, ನಾನೂ ಹೀಗೆಯೇ ಹೊರಟಿದ್ದೆ. ಸೇರಿಸಲೇಬೇಡಿ.

ಹೊರಡುವ ಮೊದಲು ವಾಟ್ಸಾಪ್ ಗುಂಪಿಗೆ ಒಂದು ಸಾಲು ಬರೆದೆ: 'ಲಂಡನ್ನಿನಲ್ಲಿ ವಕೀಲಿ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳೆಲ್ಲ ಶನಿವಾರ ಸಂಜೆ ಸಿಗಿ.' ನಾನು ಮಾಡಿದ ಮೊದಲ ತಪ್ಪು ಇದು. ಕಾನೂನು ಓದಿದವರು ವಕೀಲರಾಗಿಯೇ ಇರುತ್ತಾರೆ ಎಂದುಕೊಂಡಿದ್ದೆ. ಆದರೆ ಭಾರತದ ಎಲ್‌ಎಲ್‌ಬಿ ಪದವಿಯೊಂದರಿಂದಲೇ ಅಲ್ಲಿ ಸಾಲಿಸಿಟರ್, ಅಂದರೆ ಕಕ್ಷಿದಾರರ ವ್ಯವಹಾರ ನೋಡಿಕೊಳ್ಳುವ ವಕೀಲ, ಆಗಲು ಬರುವುದಿಲ್ಲ. 2021ರಲ್ಲಿ ಜಾರಿಗೆ ಬಂದ ಎಸ್‌ಕ್ಯುಇ ಎಂಬ ಅರ್ಹತಾ ಪರೀಕ್ಷೆ ಬರೆಯಬೇಕು. ಮೊದಲ ಹಂತದಲ್ಲೇ 360 ಬಹು ಆಯ್ಕೆಯ ಪ್ರಶ್ನೆಗಳು. ಎರಡನೆಯದರಲ್ಲಿ ಕಕ್ಷಿದಾರರ ಸಂದರ್ಶನ, ವಾದ ಮಂಡನೆ, ದಸ್ತಾವೇಜಿನ ಕರಡು. ಶುಲ್ಕವೂ ಸಣ್ಣದಲ್ಲ. ಹಗಲು ದುಡಿದು ರಾತ್ರಿ ಓದುತ್ತಿರುವವರಿದ್ದಾರೆ, ಅರ್ಧಕ್ಕೆ ಬಿಟ್ಟು ಬೇರೆ ಕೆಲಸ ಹಿಡಿದವರಿದ್ದಾರೆ. ಅವರೆಲ್ಲರಿಗೂ ನನ್ನ ಆ ಸಾಲು 'ನೀವು ಬರಬೇಡಿ' ಎಂದು ಹೇಳಿತು. 'ವಕೀಲಿ ಮಾಡುತ್ತಿರುವ' ಎಂಬ ಎರಡು ಪದ ಇಲ್ಲದಿದ್ದರೆ ಸಾಕಿತ್ತು. ಕರಾರಿನಲ್ಲಿ ಒಂದು ವಿಶೇಷಣ ಯಾರನ್ನು ಒಳಗಿಡುತ್ತದೆ, ಯಾರನ್ನು ಹೊರಗಿಡುತ್ತದೆ ಎಂದು ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಹನ್ನೊಂದು ಜನ ಬಂದರು. ಬ್ಯಾರಿಸ್ಟರುಗಳ ಹಳೆಯ ಸಂಸ್ಥೆಯಾದ ಇನ್ನರ್ ಟೆಂಪಲ್ ಕಡೆ ನಡೆದೆವು. ಗಾಂಧೀಜಿ 1891ರಲ್ಲಿ ಬ್ಯಾರಿಸ್ಟರ್ ಆದದ್ದು ಅಲ್ಲಿಯೇ. 1922ರಲ್ಲಿ ಆ ಸಂಸ್ಥೆ ಅವರ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿ, 1988ರಲ್ಲಿ ಮತ್ತೆ ಸೇರಿಸಿಕೊಂಡಿತು ಎಂದು ಹುಡುಗರಿಗೆ ಉತ್ಸಾಹದಿಂದ ವಿವರಿಸಿದೆ. ಆಮೇಲೆ ಊಟ, ಫೋಟೊ, ಗದ್ದಲ. ಒಬ್ಬರ ಜೊತೆಗೂ ಹತ್ತು ನಿಮಿಷ ಕುಳಿತು ಮಾತನಾಡಲು ಆಗಲಿಲ್ಲ.

ನಾನು ಎದುರು ನೋಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ಬರಲೇ ಇಲ್ಲ. ಡೊನೊಹ್ಯೂ ಮತ್ತು ಸ್ಟೀವನ್‌ಸನ್ ನಡುವಿನ 1932ರ ತೀರ್ಪನ್ನು, ಪಾನೀಯದ ಶೀಶೆಯಲ್ಲಿ ಬಸವನಹುಳು ಸಿಕ್ಕಿತೆಂದು ಅದನ್ನು ಕುಡಿದ ಮಹಿಳೆ ತಯಾರಕನ ಮೇಲೆ ದಾವೆ ಹೂಡಿದ ಪ್ರಕರಣವನ್ನು, ಪಾಠ ಮಾಡುವಾಗ ಇಡೀ ತರಗತಿ ಶೀಶೆಯೊಳಗಿನ ಹುಳುವಿಗೆ ನಗುತ್ತಿತ್ತು. ಇವಳು ಮಾತ್ರ ಎದ್ದು ನಿಂತು, "ದುಡ್ಡು ಕೊಟ್ಟದ್ದು ಜೊತೆಯಲ್ಲಿದ್ದವರು ತಾನೆ ಸರ್? ಕುಡಿದವಳಿಗೆ ಕರಾರೇ ಇಲ್ಲವಲ್ಲ, ದಾವೆ ಹೇಗೆ ನಿಲ್ಲುತ್ತದೆ?" ಎಂದಿದ್ದಳು. ಇಡೀ ಪ್ರಕರಣದ ಗಂಟು ಇರುವುದೇ ಅಲ್ಲಿ.

ಊರಿಗೆ ಮರಳಿದ ಮೇಲೆ ಫೋನ್ ಮಾಡಿದೆ. "ನೀವು ವಕೀಲರನ್ನು ಮಾತ್ರ ಕರೆದಿದ್ದಿರಿ ಸರ್. ನಾನು ಆಸ್ಪತ್ರೆಯಲ್ಲಿ ರೋಗಿಗಳ ದೂರು ನೋಡಿಕೊಳ್ಳುತ್ತೇನೆ" ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಎರಡು ವರ್ಷದ ನಂತರ ಮತ್ತೆ ಹೋದಾಗ ಗುಂಪಿಗೆ ಒಂದಕ್ಷರ ಬರೆಯಲಿಲ್ಲ. ಒಬ್ಬೊಬ್ಬರಿಗೇ ಕರೆ ಮಾಡಿದೆ. ಅವಳು ಅರ್ಧ ದಿನ ರಜೆ ಹಾಕಿ ಬಂದಳು. ಪಾರ್ಲಿಮೆಂಟ್ ಚೌಕದಲ್ಲಿರುವ ಸುಪ್ರೀಂ ಕೋರ್ಟಿಗೆ ಹೋದೆವು. ಸಾರ್ವಜನಿಕರಿಗೆ ಪ್ರವೇಶ ಉಚಿತ, ನ್ಯಾಯಮೂರ್ತಿಗಳು ಗೌನಾಗಲಿ ವಿಗ್ಗಾಗಲಿ ಇಲ್ಲದೆ ಸಾದಾ ಉಡುಪಿನಲ್ಲಿ ಕೂರುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತು ಸ್ವಲ್ಪ ಹೊತ್ತು ವಾದ ಕೇಳಿ ಹೊರಬಂದೆವು. ತಾಯಿಯನ್ನು ಕಳೆದುಕೊಂಡ ಮಗನಿಗೆ ಆಸ್ಪತ್ರೆಯ ಪರವಾಗಿ ಉತ್ತರ ಬರೆಯುವಾಗ 'ವಿಷಾದ' ಎನ್ನುವುದೋ 'ಕ್ಷಮೆ' ಎನ್ನುವುದೋ ಎಂದು ತಾನು ಗಂಟೆಗಟ್ಟಲೆ ಕೂರುವುದನ್ನು ಹೇಳಿದಳು. ಕಾನೂನನ್ನು ಅಷ್ಟು ಹತ್ತಿರದಿಂದ ಬಳಸುವವರನ್ನು ನಾನು ಹೆಚ್ಚು ಕಂಡಿಲ್ಲ.

ಆದ್ದರಿಂದ ಹೋಟೆಲ್ ಹುಡುಕುವುದನ್ನು ಬಿಡಿ. ಒಬ್ಬರನ್ನೋ ಇಬ್ಬರನ್ನೋ, ಅವರ ಕಚೇರಿಯ ಹತ್ತಿರ, ಅವರ ಬಿಡುವಿಗೆ ಹೊಂದಿಸಿಕೊಂಡು ನೋಡಿ. ಹೋದ ಕೂಡಲೇ ಏನು ಕೆಲಸ ಎಂದು ಕೇಳಬೇಡಿ, ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಗುಂಪಿನಲ್ಲಿ ವರ್ಷಗಳಿಂದ ಒಂದು ಮಾತೂ ಆಡದವರು ಇರುತ್ತಾರಲ್ಲ, ಮೊದಲ ಕರೆ ಅವರಿಗೆ ಮಾಡಿ.